ಮಜ್ಜಿಗಿ, ಕನ್ನಡಿ ಮತ್ತ ಇಂಡಿಯಾನಾಪೊಲಿಸ್ಸಿನ ಗೇಟು

ನಮ್ಮ ದೊಡ್ಡ ವೈನಿ ಫೋನ್ ಮಾಡಿದಾಗೊಮ್ಮೆ ಕೇಳೇ ಕೇಳ್ತಾರ, "ಅಮೇರಿಕಾಕ್ಕ ಹೋಗಿ ಏನೇನ ನೋಡಿ ಬಂದಿ? ನಯಾಗರಾ ನೋಡಿದೇನು?" ಅಂತ. "ಇಲ್ರಿ ವೈನಿ, ಕಾರ್ ರೇಸ್ ನೋಡಿ ಬಂದೆ" ಅಂದ್ರ ಆ ಕಡಿಂದ ಧ್ವನೀನ ಇಲ್ಲ. ಕಾರ್ ರೇಸಿಗೂ ನಮಗೂ ಏನ ಸಂಬಂಧ ಅಂತ ನೀವೂ ಅಂದಿರಬೇಕು. ಹೋಗೋತನಕಾ ನಾನೂ ಹಂಗ ಅಂದುಕೊಂಡಿದ್ದೆ. ಅಲ್ಲಿ ಹೋಗಿ ನೋಡಿದ್ರ ಅದರಾಗ ನಮ್ಮ ಅಡಿಗಿಮನಿ ಮಜ್ಜಿಗಿ ಅದ, ಹೆಣ್ಣಮಕ್ಕಳ ಕೈಗನ್ನಡಿ ಅದ, ಮತ್ತ ಹೆಣ್ಣಮಕ್ಕಳನ್ನ ಅರವತ್ತು ವರ್ಷ ಹೊರಗ ನಿಲ್ಲಿಸಿದ ಒಂದು ಗೇಟೂ ಅದ. ಅದನ್ನ ಇವತ್ತ ಹೇಳ್ತೀನಿ ಕೇಳ್ರಿ.

ರೇಸಿನ ಹುಚ್ಚು ನಮ್ಮ ಅಳಿಯಂದು ಅಂತ ತಿಳಕೋಬ್ಯಾಡ್ರಿ. ಅವಗ ಕಾರ್ ಅಂದ್ರ ಪೆಟ್ರೋಲ್ ಹಾಕ್ಸೋದಷ್ಟ ಗೊತ್ತು. ಹುಚ್ಚು ನಮ್ಮ ಮಗಳಿಂದು. ಪ್ರತಿ ವರ್ಷ ಮೇ ತಿಂಗಳ ಕಡೀ ವಾರ ಅಕಿ ಯಾರ ಮದುವಿ ಇರ್ಲಿ, ಮುಂಜಿವಿ ಇರ್ಲಿ, ಎಲ್ಲಾ ಬಿಟ್ಟು ಎರಡು ತಾಸು ಕಾರ್ ಹೊಡಕೊಂಡು ಇಂಡಿಯಾನಾಪೊಲಿಸ್ ಊರಿಗೆ ಹೋಗ್ತಾಳ. 2024ರ ಮೇ ತಿಂಗಳದಾಗ ನಾನೂ ಅಲ್ಲೇ ಇದ್ದೆ. "ಮನ್ಯಾಗ ಒಬ್ಬಾಕೀನ ಕೂತು ಏನ ಮಾಡ್ತಿ ಅವ್ವಾ, ಬಾ" ಅಂದ್ಲು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಕಟಗೊಂಡು ಹೊಂಟೆ. ಅಲ್ಲಿ ಡಬ್ಬಿ ಒಳಗ ಬಿಡ್ತಾರ, ನಮ್ಮ ಕಡೆ ಸಿನೆಮಾ ಥೇಟರಿನಂಗ ಚೀಲ ತಪಾಸ್ ಮಾಡಿ ಚಕ್ಕಲಿ ಕಸಗೊಳ್ಳಂಗಿಲ್ಲ.

ಈ ಕಾರುಗಳು ನಮ್ಮ ಕಾರಿನಂಗ ಅಲ್ಲ. ಕೂಡ್ಲಿಕ್ಕೆ ಒಂದ ಜಾಗಾ, ನಾಲ್ಕೂ ಗಾಲಿ ಮೈಯಿಂದ ಹೊರಗ, ಮ್ಯಾಲೆ ಮಡ್‌ಗಾರ್ಡ್ ಇಲ್ಲ. ಓಡೋದು ತಾಸಿಗೆ 350 ಕಿಲೋಮೀಟರ್ ಮ್ಯಾಲೆ. ಬಾಜೂಕಿನ ಕಾರಿನ ಗಾಲಿಗೆ ಗಾಲಿ ತಾಗಿತಂದ್ರ ಕಾರು ಹಾರೇ ಬಿಡ್ತದ. ನಾಲ್ಕು ಕಿಲೋಮೀಟರಿನ ಸುತ್ತು, ಹಂತಾವು 200 ಸುತ್ತು, ಒಟ್ಟು 500 ಮೈಲು. ಅದಕ್ಕ ಇದರ ಹೆಸರು 'ಇಂಡಿ 500'. ಸಾಲಿಗೆ ಮೂರರಂತೆ ಹನ್ನೊಂದು ಸಾಲು, 33 ಕಾರು.

ಶುಕ್ರವಾರ ಮುಟ್ಟಿದ್ವಿ. ಆ ದಿನಕ್ಕ 'ಕಾರ್ಬ್ ಡೇ' ಅಂತಾರಂತ. ನಾ ಶುಗರ್ ಇದ್ದಾಕಿ, ಕಾರ್ಬ್ ಅಂದಕೂಡ್ಲೆ "ಅನ್ನದ ಊಟದ ದಿನ ಏನವಾ?" ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಮೊದಲ ರೇಸಿನ ಮುಂಚೆ ಕಾರಿನ ಕಾರ್ಬ್ಯುರೇಟರ್ ಹೊಂದಿಸಿ ನೋಡೋ ದಿನಾ ಅದು. ಈಗಿನ ಕಾರಿಗೆ ಕಾರ್ಬ್ಯುರೇಟರೇ ಇಲ್ಲ, ಹೆಸರಷ್ಟ ಉಳದದ. ನಮ್ಮನ್ಯಾಗೂ ಒಲಿ ಹೋಗಿ ಗ್ಯಾಸ್ ಬಂದು ನಲವತ್ತು ವರ್ಷಾತು, "ಒಲಿ ಮ್ಯಾಲೆ ಹಾಲಿಟ್ಟೀನಿ" ಅನ್ನೋದು ಬಿಟ್ಟೀವೇನು?

ಆ ಮೈದಾನ ಕಟ್ಟಿದ್ದು 1909ರಾಗ. ಮೊದಲು ಜಲ್ಲಿಕಲ್ಲು, ಡಾಂಬರ್ ಹಾಕಿದ್ರು. ಮೊದಲ ರೇಸುಗಳೊಳಗ ಹಾದಿ ಕಿತ್ತು ಬಂದು ಜನಾ ಸತ್ರು. ಅದೇ ವರ್ಷ 32 ಲಕ್ಷ ಇಟ್ಟಂಗಿ ತರಿಸಿ ಹಾಸಿದ್ರು. ಈಗ ಎಲ್ಲಾ ಡಾಂಬರು, ರೇಸ್ ಶುರುವಾಗೋ ಗೆರಿ ಹತ್ರ ಮಾತ್ರ ಒಂದ ಗಜ ಅಗಲದ ಇಟ್ಟಂಗಿ ಪಟ್ಟಿ ಬಿಟ್ಟಾರ. ಗೆದ್ದವರು ಮಣಕಾಲೂರಿ ಅದಕ್ಕ ಮುತ್ತು ಕೊಡ್ತಾರ.

500 ಮೈಲಿನ ಮೊದಲನೇ ರೇಸು ಆದದ್ದು 1911ರ ಮೇ 30ಕ್ಕ. ಗೆದ್ದಾಂವ ರೇ ಹ್ಯಾರೂನ್. ಆರು ತಾಸು ನಲವತ್ತೆರಡು ನಿಮಿಷ ಹಿಡೀತು. ಆಗ ಎಲ್ಲಾರ ಕಾರಿನ್ಯಾಗೂ ಇಬ್ಬಿಬ್ಬರು. ಒಬ್ಬಾಂವ ಹೊಡ್ಯಾಂವ, ಇನ್ನೊಬ್ಬಾಂವ ಬಾಜೂಕ ಕೂತು ಹಿಂದ ಯಾರ ಬರ್ಲಿಕ್ಹತ್ಯಾರ ಅಂತ ನೋಡ್ಯಾಂವ. ಹ್ಯಾರೂನ್ ಒಬ್ಬನ ಬಂದಿದ್ದ. ಉಳಿದವರು ತಕರಾರು ತಗದ್ರು, ಹಿಂದಿನವರು ಇವಗ ಹೆಂಗ ಕಾಣಸ್ತಾರ ಅಂತ. ಅಂವ ಮುಂದ ಒಂದು ಕನ್ನಡಿ ಕೂಡಿಸಿಬಿಟ್ಟ. ಇಟ್ಟಂಗಿ ಹಾದಿ ಮ್ಯಾಲೆ ಕಾರು ಗಡಗಡ ನಡುಗಿ ಆ ಕನ್ನಡ್ಯಾಗ ಏನೂ ಕಾಣಲಿಲ್ಲ ಅಂತ ಆಮ್ಯಾಲೆ ಅಂವನ ಒಪ್ಪಿಕೊಂಡಾನ, ಅದು ಬ್ಯಾರೆ ಮಾತು.

ಆದ್ರ ಇದಕ್ಕೂ ಎರಡು ವರ್ಷ ಮೊದಲ, 1909ರಾಗ, ಇಂಗ್ಲೆಂಡಿನ ಡೊರೊತಿ ಲೆವಿಟ್ ಅನ್ನೋ ಹೆಣ್ಣಮಗಳು ಹೆಂಗಸರಿಗೆ ಕಾರ್ ಹೊಡಿಯೋದು ಕಲಿಸೋ ಪುಸ್ತಕ ಬರದಿದ್ಲು. ಅಕೀನೂ ರೇಸಿನಾಕಿ. ಕಾರಿನ್ಯಾಗ ಒಂದು ಕೈಗನ್ನಡಿ ಇಟಗೋರಿ, ನಡುನಡುವ ಎತ್ತಿ ಹಿಡದು ಹಿಂದ ಏನ ಬರ್ಲಿಕ್ಹತ್ತದ ನೋಡ್ರಿ ಅಂತ ಅದರಾಗ ಹೇಳ್ಯಾಳ. ಹ್ಯಾರೂನ್ ಅದನ್ನ ಓದಿದ್ದ ಅಂತ ನಾ ಅನ್ನಂಗಿಲ್ಲ. ಕುದರಿಗಾಡ್ಯಾಗ ಹಂತಾ ಕನ್ನಡಿ ನೋಡಿದ್ದೆ ಅಂತ ಅಂವ ಹೇಳ್ಯಾನ. ಆದ್ರ ಕನ್ನಡಿ ಅಂದ್ರ ಪೌಡರ್ ಹಚಗೊಳ್ಳಲಿಕ್ಕೆ ಅಂತ ನಗೋರಿಗೆ ಈ ಕತಿ ಹೇಳ್ಬೇಕು ನೋಡ್ರಿ.

ಇನ್ನ ಮಜ್ಜಿಗಿ. ಲೂಯಿ ಮೇಯರ್ ಅಂತ ಒಬ್ಬಾಂವ 1928, 1933, 1936, ಹಿಂಗ ಮೂರು ಸಲಾ ಗೆದ್ದ. ಮೂರು ಸಲಾ ಗೆದ್ದವರೊಳಗ ಅಂವನ ಮೊದಲನೇದಾಂವ. ಬಿಸಲಾಗ ದಣದು ಬಂದಾಗ ಮಜ್ಜಿಗಿ ಕುಡಿ, ಹೊಟ್ಟಿ ತಣ್ಣಗಾಗ್ತದ ಅಂತ ಅವನ ಅವ್ವ ಸಣ್ಣಾವ ಇದ್ದಾಗಿಂದ ಹೇಳಿದ್ಲಂತ. ಅಮೇರಿಕಾದ ಅವ್ವನೂ ನಮ್ಮವ್ವನಂಗ! 1936ರಾಗ ಗೆದ್ದು ಇಳದಾಂವ ಬಾಟ್ಲಿ ಎತ್ತಿ ಮಜ್ಜಿಗಿ ಕುಡದ, ಫೋಟೋ ಪೇಪರಿನ್ಯಾಗ ಬಂತು. ಹಾಲಿನ ವ್ಯಾಪಾರದವನೊಬ್ಬ ನೋಡಿ ಅದನ್ನ ಹಾಲು ಅಂತ ತಿಳಕೊಂಡ. ಇನ್ನ ಮ್ಯಾಲೆ ಗೆದ್ದವರಿಗೆಲ್ಲಾ ಹಾಲು ಕೊಡಸೋಣು, ಪುಕ್ಕಟೆ ಜಾಹೀರಾತಾಗ್ತದ ಅಂತ ಹಚ್ಚಿದ. ಹಿಂಗ ಮಜ್ಜಿಗಿ ಹೋಗಿ ಹಾಲಾತು. ನಡುವ ಕೆಲವು ವರ್ಷ ನಿಂತಿತ್ತು, 1956ಕ್ಕ ಮತ್ತ ಶುರುವಾತು. 1993ರಾಗ ಗೆದ್ದ ಎಮರ್ಸನ್ ಫಿಟ್ಟಿಪಾಲ್ಡಿಗೆ ಬ್ರೆಜಿಲ್ಲಿನ್ಯಾಗ ಕಿತ್ತಳೆ ತ್ವಾಟ ಇತ್ತು. ಅಂವ ಹಾಲು ಬಿಟ್ಟು ಮೊದಲ ಕಿತ್ತಳೆ ರಸ ಕುಡದ. ಜನಾ ಸಿಟ್ಟಿಗೆದ್ದು ಹೋ ಅಂತ ಒದರಿದ್ರು, ಮುಂದ ಎಷ್ಟೋ ವರ್ಷ ಅದನ್ನ ಮರೀಲಿಲ್ಲ.

ಅಂದ್ರ ಈ ರೇಸಿನ ದೊಡ್ಡ ಸಂಪ್ರದಾಯ ಬಂದಿದ್ದ ಒಬ್ಬ ತಾಯಿ ಮಾತಿನಿಂದ. ಆದ್ರ ಅದೇ ತಾಯಿ ಬಂದು ಮಗ ಕಾರ್ ರಿಪೇರಿ ಮಾಡೋದನ್ನ ನೋಡ್ತೀನಿ ಅಂದಿದ್ರ ಒಳಗ ಬಿಡ್ತಿದ್ದಿಲ್ಲ.

ಶನಿವಾರ ಮಗಳು ನನ್ನ ಗ್ಯಾರೇಜ್ ಸಾಲಿನ ಗೇಟಿಗೆ ಕರಕೊಂಡು ಹೋಗಿ ನಿಲ್ಲಿಸಿದ್ಲು. 'ಗ್ಯಾಸೋಲಿನ್ ಆ್ಯಲಿ' ಅಂತ ಹೆಸರದಕ್ಕ. 1971ರ ತನಕಾ ಈ ಗೇಟಿನೊಳಗ ಹೆಣ್ಣಮಕ್ಕಳು ಕಾಲಿಡೋಹಂಗ ಇದ್ದಿದ್ದಿಲ್ಲ. 1929ರಾಗ ಗೆದ್ದ ಕಾರಿನ ಮಾಲಕಿ ಮಾಡ್ ಯೇಗಲ್ ಅನ್ನೋ ಹೆಂಗಸು. ರೊಕ್ಕಾ ಅಕಿದು, ಕಾರು ಅಕಿದು, ಆದ್ರ ಕಾಗದದ ಮ್ಯಾಲೆ 'ಎಂ. ಎ. ಯೇಗಲ್' ಅಂತಷ್ಟ ಹೆಸರು. ತನ್ನ ಕಾರಿನ ಹತ್ರ ಹೋಗಲಿಕ್ಕೂ ಅಕಿಗೆ ಬಿಡಲಿಲ್ಲ. ಡೆನಿಸ್ ಮೆಕ್ಲಗೇಜ್ ಅಂತ ಇನ್ನೊಬ್ಬಾಕಿ, ತಾನೂ ರೇಸ್ ಓಡ್ಸಾಕಿ, ಪೇಪರಿಗೆ ಬರ್ಯಾಕಿ. ಗಂಡಸ ವರದಿಗಾರರು ಒಳಗ ಹೋಗಿ ಮಾತಾಡಸ್ತಿದ್ರ, ಅಕಿ ತಂತಿ ಬೇಲಿ ಹೊರಗ ನಿಂತು ಡ್ರೈವರುಗಳನ್ನ ಕರದು ಪ್ರಶ್ನೆ ಕೇಳ್ಬೇಕಾಗ್ತಿತ್ತು.

ನಾ ಒಳಗ ಹೋದೆ. ಟಯರ್ ಹೊರೋ ಹುಡಿಗ್ಯಾರು, ಕಂಪ್ಯೂಟರ್ ಹಿಡಕೊಂಡು ಓಡಾಡೋ ಇಂಜಿನಿಯರ್ ಹುಡಿಗ್ಯಾರು ಕಂಡ್ರು. ನಮ್ಮ ಮಗಳು ಒಂದು ತೆಗದಿಟ್ಟ ಗಾಲಿ ಮುಂದ ಕಾಲ ತಾಸು ನಿಂತ್ಲು, ದೇವರ ಮುಂದ ನಿಂತಂಗ.

ಆವಾಗ ನನಗ ಒಂದು ಹಳೇ ಮಾತು ನೆನಪಾತು. ಅಕಿ ಪಿಯುಸಿ ಮುಗಿಸಿದಾಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ತಗೋತೀನಿ ಅಂದಿದ್ಲು. ಅವರಪ್ಪಾ ಸುಮ್ಮನಿದ್ರು. "ಗಂಡು ಹುಡುಗರ ನಡುವ ಒಬ್ಬಾಕೀನ ಕೈಗೆಲ್ಲಾ ಗ್ರೀಸ್ ಮೆತಗೊಂಡು ನಿಂದರ್ತೀ ಏನು? ನಾಳೆ ಕನ್ಯಾ ನೋಡ್ಲಿಕ್ಕೆ ಬಂದವರಿಗೆ ಏನ ಹೇಳ್ಬೇಕು?" ಅಂದಾಕಿ ನಾನ. ಅಕಿ ಕಂಪ್ಯೂಟರ್ ಸೈನ್ಸ್ ತಗೊಂಡ್ಲು. ಮುಂದ ಆ ಮಾತು ನಮ್ಮನ್ಯಾಗ ಬರಲೇ ಇಲ್ಲ.

ರವಿವಾರ ರೇಸು. ಹನ್ನೆರಡೂ ಮುಕ್ಕಾಲಿಗೆ ಶುರುವಾಗ್ಬೇಕು, ಮಳಿ ಬಂತು. ಸಿಡ್ಲು ಅದ, ಎಲ್ಲಾರೂ ಕೆಳಗಿಳೀರಿ ಅಂದ್ರು. ನಾಲ್ಕು ತಾಸು! ಸ್ಟ್ಯಾಂಡಿನ ಕೆಳಗ ಕೂತು ರೊಟ್ಟಿ ಮುರಕೋತ ಮಗಳು ಜ್ಯಾನೆಟ್ ಗಥ್ರಿ ಕತಿ ಹೇಳಿದ್ಲು.

ಗಥ್ರಿ ಫಿಜಿಕ್ಸ್ ಓದಿ ವಿಮಾನದ ಕಂಪನ್ಯಾಗ ಇಂಜಿನಿಯರ್ ಆಗಿದ್ದಾಕಿ. ಹಳೇ ಜ್ಯಾಗ್ವಾರ್ ಕಾರು ತಗೊಂಡು, ಅದರ ಇಂಜಿನ್ ತಾನ ಬಿಚ್ಚಿ ಜೋಡಿಸಿ ರೇಸಿಗಿಳದ್ಲು. 1976ರಾಗ ಇಂಡಿಗೆ ಬಂದ್ಲು. ಹೆಣ್ಣು ಈ ಕಾರು ಹೆಂಗ ತಡದಾಳು ಅಂತ ಕುಹಕ ಆಡಿದವರು ಭಾಳ ಮಂದಿ. ಅಕಿಗೆ ಸಿಕ್ಕ ಕಾರಿಗೆ ವೇಗ ಸಾಲಲಿಲ್ಲ. ಆಗ ಎ. ಜೆ. ಫಾಯ್ಟ್ ಅನ್ನೋ ದೊಡ್ಡ ಡ್ರೈವರ್ ಅಭ್ಯಾಸಕ್ಕಂತ ತನ್ನ ಕಾರು ಕೊಟ್ಟ. ಅದರಾಗ ಕೂತು ಹೊಡದು ತೋರಿಸಿದ್ಲು. ಕಮ್ಮಿ ಇದ್ದದ್ದು ಕಾರಿಗೆ, ಅಕಿಗಲ್ಲ ಅಂತ ಎಲ್ಲಾರಿಗೂ ತಿಳೀತು. ಮರುವರ್ಷ 1977ರಾಗ ಮೊದಲನೇ ಹೆಣ್ಣಮಗಳಾಗಿ 33ರೊಳಗ ಜಾಗಾ ಪಡದ್ಲು.

ಆಗ ಹೊಸ ತಕರಾರು. 'ಮಹನೀಯರೇ, ಇಂಜಿನ್ ಚಾಲೂ ಮಾಡ್ರಿ' ಅಂತ ಕೂಗಿ ರೇಸ್ ಶುರು ಮಾಡೋ ರೂಢಿ. ಹೆಣ್ಣಮಗಳಿದ್ದಾಗ ಹೆಂಗ ಕೂಗಬೇಕು? ಇಂಜಿನ್ ಚಾಲೂ ಮಾಡೋರು ಮೆಕ್ಯಾನಿಕ್ಕರು, ಅವರು ಗಂಡಸರ, ಅದಕ್ಕ ಮಾತು ಬದಲಿ ಮಾಡಂಗಿಲ್ಲ ಅಂದ್ರು. ಗಥ್ರಿ ಕಡೆಯವರು ಏನ ಮಾಡಿದ್ರು ಗೊತ್ತೇನು? ಕೇ ಬಿಗ್ನೊಟ್ಟಿ ಅನ್ನೋ ಹೆಣ್ಣಮಗಳನ್ನ ಕರದು ಅಕಿ ಕೈಯಾಗ ಸ್ಟಾರ್ಟರ್ ಕೊಟ್ಟುಬಿಟ್ರು! ಕಡೀಕ ಮೈದಾನದ ಮಾಲಕ ಟೋನಿ ಹಲ್ಮನ್, ಇಲ್ಲಿ ಅರ್ಹತಾ ಪಡೆದ ಮೊದಲ ಮಹಿಳೆಯ ಜೊತೆಗೂಡಿ ಅಂತ ಮುಂದ ಸೇರಿಸಿ ಕೂಗಬೇಕಾತು.

ಆ ವರ್ಷ 27 ಸುತ್ತಿಗೆ ಅಕಿ ಕಾರು ಕೆಟ್ಟಿತು. 1978ರಾಗ ತನ್ನದ ತಂಡ ಕಟಗೊಂಡು ಬಂದ್ಲು, ರೇಸಿಗೆ ಎರಡು ದಿನ ಮೊದಲ ಮಣಿಕಟ್ಟಿನ ಎಲುಬು ಮುರಕೊಂಡ್ಲು. ಹೇಳಿದ್ರ ಬಿಡಂಗಿಲ್ಲ ಅಂತ ಬಾಯಿಬಿಡದ 500 ಮೈಲಿನ ರೇಸ್ ಓಡಿಸಿ ಒಂಬತ್ತನೇ ಸ್ಥಾನ ತಗೊಂಡ್ಲು.

"ಮೆಕ್ಯಾನಿಕಲ್ ಓದಿದ್ರ ನೀನೂ ಇವತ್ತ ಆ ಗೇಟಿನೊಳಗ ಕೆಲಸ ಮಾಡ್ತಿದ್ದೇನವಾ?" ಅಂತ ಕೇಳಿಬಿಟ್ಟೆ.

ಅಕಿ ಮಳಿ ಕಡೆ ನೋಡಿದ್ಲು. "ಇರ್ತಿದ್ದೆನೋ, ಇಲ್ಲೋ" ಅಂದ್ಲು. ಒಂದೀಟು ತಡದು, "ಚಟ್ನಿ ಇನ್ನೂ ಅದೇನವ್ವಾ?" ಅಂದ್ಲು.

ಸಂಜಿ ಪೌಣೆ ಐದಕ್ಕ ರೇಸು ಶುರುವಾತು. ಧ್ವನಿ ಕಿವಿಗಲ್ಲ, ಎದಿಗೇ ಬಡೀತದ. ಆ ವರ್ಷ ಓಡಿಸಿದ ಹೆಣ್ಣಮಗಳು ಒಬ್ಬಾಕೀನ, ಇಂಗ್ಲೆಂಡಿನ ಕ್ಯಾಥರಿನ್ ಲೆಗ್. ಅಕಿ ಕಾರಿಗೆ ರೊಕ್ಕಾ ಹಾಕಿದ್ದು ಮೇಕಪ್ ಸಾಮಾನಿನ ಕಂಪನಿ. ಇಪ್ಪತ್ತು ಚಿಲ್ಲರೆ ಸುತ್ತಿಗೆ ಇಂಜಿನ್ ಕೈಕೊಟ್ಟಿತು. ನಾ ಅಯ್ಯ ಅಂದೆ. ಬಾಜೂಕ ಕೂತಿದ್ದ ಅಮೇರಿಕಾದ ಅಜ್ಜಿನೂ ಅದೇ ಹೊತ್ತಿಗೆ ತೊಡಿ ಬಡಕೊಂಡ್ಲು. ಕಡೀ ಸುತ್ತಿನ್ಯಾಗ ಜೋಸೆಫ್ ನ್ಯೂಗಾರ್ಡನ್ ಮುಂದಿದ್ದವನನ್ನ ಹಿಂದ ಹಾಕಿ ಗೆದ್ದ, ಅರ್ಧ ಸೆಕೆಂಡೂ ಅಂತರ ಇಲ್ಲ. ಹಾಲು ಕುಡದ. ಗೆದ್ದವರ ಮುಖಾ ಕೆತ್ತೋ ಬೆಳ್ಳಿ ಟ್ರೋಫಿ ಮ್ಯಾಲೆ ನೂರರ ಮ್ಯಾಲೆ ಮುಖಾ ಅವ, ಎಲ್ಲಾ ಗಂಡಸರವ. ಅಲ್ಲೀತನಕಾ ಓಡಿಸಿದ ಹೆಣ್ಣಮಕ್ಕಳು ಒಂಬತ್ತ ಮಂದಿ. ಮುಂದಿನದು ನೋಡೋಣು.

ಧಾರವಾಡಕ್ಕ ಬಂದ ಮ್ಯಾಲೆ ಒಂದಿನ ನೋಡ್ತೀನಿ, ಏಳನೇತ್ತ ಓದೋ ಮೊಮ್ಮಗಳು ಮಿಕ್ಸರ್ ಬಿಚ್ಚಿ ಸ್ಕ್ರೂ ಎಲ್ಲಾ ಚಾಪಿ ಮ್ಯಾಲೆ ಹರವಿಕೊಂಡು ಕೂತಾಳ. ನಾ ಏನರ ಅಂತೀನಿ ಅಂತ ಸೊಸಿ ನನ್ನ ಮಾರಿ ನೋಡಿದ್ಲು. ನಾ ಏನೂ ಅನ್ನಲಿಲ್ಲ. ಮಿಕ್ಸರ್ ಇಲ್ಲದ್ದಕ್ಕ ಅಟ್ಟದ ಮ್ಯಾಲಿನ ಕಡಗೋಲು ತಗದು, ಮಜ್ಜಿಗಿ ಕಡದು, ಒಂದು ಗ್ಲಾಸು ಅಕಿ ಬಾಜೂಕ ಇಟ್ಟು ಬಂದೆ.