ಐಎಂಎ ಹಗರಣ

ಐಎಂಎ ಹಗರಣವು ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಸಮೂಹವು 2019ರ ಜೂನ್‌ನಲ್ಲಿ ಕುಸಿದಾಗ ಬೆಳಕಿಗೆ ಬಂದ ಹೂಡಿಕೆ ವಂಚನೆ ಪ್ರಕರಣ. ಬಡ್ಡಿರಹಿತವಾದ, ಇಸ್ಲಾಂ ಧರ್ಮಕ್ಕೆ ಸಮ್ಮತವಾದ ಹೂಡಿಕೆಯೆಂದು ನಂಬಿಸಿ ಸಾವಿರಾರು ಮಂದಿಯಿಂದ ಹಣ ಸಂಗ್ರಹಿಸಲಾಗಿತ್ತು. ದುಬೈಗೆ ತೆರಳಿದ್ದ ಸಂಸ್ಥಾಪಕ ಮೊಹಮ್ಮದ್ ಮನ್ಸೂರ್ ಖಾನ್ ಜುಲೈನಲ್ಲಿ ದೆಹಲಿಯಲ್ಲಿ ಬಂಧಿತರಾದರು. ಬಳಿಕ ತನಿಖೆಯನ್ನು ಸಿಬಿಐಗೆ ವಹಿಸಲಾಯಿತು.

ಹಣ ತೊಡಗಿಸಿದವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ದಾಖಲಿಸಲಾಗಿತ್ತು. ಪಾಲುದಾರನು ನಷ್ಟಕ್ಕೂ ಬಾಧ್ಯನಾದ್ದರಿಂದ, ಹಣವನ್ನು ಮರಳಿ ಕೇಳುವ ಹಕ್ಕೇ ಪ್ರಶ್ನೆಗೊಳಗಾಗುವ ಸಂಭವವಿತ್ತು. ಆದರೆ ರಾಜ್ಯ ಸರ್ಕಾರವು ಠೇವಣಿದಾರರ ಹಿತಾಸಕ್ತಿ ಸಂರಕ್ಷಣೆಯ 2004ರ ಕರ್ನಾಟಕ ಅಧಿನಿಯಮವನ್ನು ಈ ಪ್ರಕರಣಕ್ಕೆ ಅನ್ವಯಿಸಿತು. ಅದರಂತೆ ಸಂಸ್ಥೆಯ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುತ್ತದೆ. ವಿಶೇಷ ನ್ಯಾಯಾಲಯವು ಅದನ್ನು ಸ್ಥಿರೀಕರಿಸಿದ ನಂತರ ಸಕ್ಷಮ ಪ್ರಾಧಿಕಾರವು ಆಸ್ತಿಗಳನ್ನು ಮಾರಿ, ಬಂದ ಹಣವನ್ನು ಅರ್ಹರಿಗೆ ಹಂಚುತ್ತದೆ. ಹೀಗಾಗಿ ಠೇವಣಿದಾರರಿಗೆ ದೊರೆಯುವ ಮೊತ್ತವು ಅವರು ಕೊಟ್ಟ ಹಣವನ್ನಲ್ಲ, ಉಳಿದ ಆಸ್ತಿಯ ಮೌಲ್ಯವನ್ನು ಅವಲಂಬಿಸಿದೆ.