ಓದದೆ ಉಳಿದ ಗ್ರಂಥಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಕಡೆಯ ವಿದ್ಯಾವಂತರ ಮನೆಗಳಲ್ಲಿ ಈಗ ಪುಸ್ತಕಗಳಿಗೆ ಬರವಿಲ್ಲ. ಬರವಿರುವುದು ಓದುವ ಬಿಡುವಿಗೆ. ಬಂದ ಕಟ್ಟನ್ನು ಬಿಚ್ಚುವಷ್ಟರಲ್ಲಿ ಇನ್ನೊಂದು ಕಟ್ಟು ಬಂದಿರುತ್ತದೆ. ಬೀರುವಿನ ಮುಂದೆ ನಿಂತು, ಇನ್ನು ಯಾವುದನ್ನು ಓದಬೇಕೆಂದು ತೋಚದೆ ಬರಿಗೈಯಲ್ಲಿ ಹಿಂದಿರುಗುವವರನ್ನು ಕಂಡಿದ್ದೇನೆ. ಪಾಠಶಾಲೆಯಲ್ಲಿ ನಮಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಶಬ್ದ, ಅಮರ, ರಘುವಂಶ ಎಂದು ಗುರುಗಳು ಹಾಕಿಕೊಟ್ಟ ಕ್ರಮದಲ್ಲಿ ಒಂದು ಮುಗಿಯದೆ ಮತ್ತೊಂದಕ್ಕೆ ಕೈಹಾಕುವಂತಿರಲಿಲ್ಲ. ಆದರೆ ಕ್ರಮವನ್ನು ಹಾಕಿಕೊಡುವವರೇ ಇಲ್ಲದ ರಾಶಿಯೊಂದು ಒಮ್ಮೆ ಇಡೀ ಕನ್ನಡನಾಡಿನ ಮುಂದೆ ಬಿದ್ದಿತ್ತು. ನಮ್ಮ ಹಿರಿಯರು ಅದನ್ನು ಹೇಗೆ ನಿಭಾಯಿಸಿದರೆಂಬುದನ್ನು ಇಲ್ಲಿ ವಿಚಾರಿಸೋಣ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಳಗನ್ನಡ ಕಾವ್ಯಗಳ ಬಹುಭಾಗವು ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಗಳ ಅಟ್ಟಗಳಲ್ಲಿ ಓಲೆಯ ಕಟ್ಟುಗಳಾಗಿ ಬಿದ್ದಿದ್ದಿತು. ಅಚ್ಚಿನ ಪುಸ್ತಕವು ನಮ್ಮ ಸೋಮಾರಿತನವನ್ನು ಬಹುಕಾಲ ಸಹಿಸುತ್ತದೆ, ಓಲೆಯು ಸಹಿಸದು. ಕೆಲವು ನೂರು ವರ್ಷಗಳಿಗೊಮ್ಮೆಯಾದರೂ ಪ್ರತಿ ಮಾಡದಿದ್ದರೆ ಹುಳು ಅದನ್ನು ತಿಂದು ಮುಗಿಸುತ್ತದೆ. ಆದುದರಿಂದ ಮೊದಲು ಯಾವುದನ್ನು ಓದಬೇಕೆಂಬುದು ಅವರಿಗೆ ಕೇವಲ ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ.

ಬಿ. ಎಲ್. ರೈಸ್ ಸಾಹೇಬರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಆರಂಭಿಸಿದಾಗ, ರಸಿಕನಾದವನು ಪಂಪನನ್ನೇ ಮೊದಲು ಆರಿಸುತ್ತಿದ್ದನು. ಅವರು ಹಾಗೆ ಮಾಡಲಿಲ್ಲ. 1884ರಲ್ಲಿ ಅಚ್ಚಾದುದು ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’. 1890ರಲ್ಲಿ ಭಟ್ಟಾಕಳಂಕನ ‘ಶಬ್ದಾನುಶಾಸನ’. ಎರಡೂ ವ್ಯಾಕರಣಗಳೇ. ‘ಪಂಪಭಾರತ’ವೂ ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವೂ 1898ರವರೆಗೆ ಕಾಯಬೇಕಾಯಿತು. ನನ್ನ ಮಟ್ಟಿಗೆ ಇದು ಅತ್ಯಂತ ವಿವೇಕದ ಕ್ರಮ. ಸವಿಯಾದುದಕ್ಕಿಂತ ಮೊದಲು, ಉಳಿದವುಗಳ ಬಾಗಿಲನ್ನು ತೆರೆಯುವಂತಹುದನ್ನು ಓದಬೇಕು. ನೀರಸವೆಂದು ಬೀರುವಿನ ಮೂಲೆಗೆ ತಳ್ಳಿದ ನಿಘಂಟೋ ವ್ಯಾಕರಣವೋ ಎಷ್ಟೋ ವೇಳೆ ಅಂತಹ ಗ್ರಂಥವಾಗಿರುತ್ತದೆ.

ಆದರೆ ಎಲ್ಲವೂ ಕ್ರಮದಿಂದಲೇ ದೊರೆಯುವುದೂ ಇಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯೆಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ಓಲೆಗಳನ್ನು ಸಂಗ್ರಹಿಸಿ, ಶೋಧಿಸಿ, ಪಟ್ಟಿಮಾಡುವ ಕಾರ್ಯವು ಅಲ್ಲಿ ನಡೆಯುತ್ತಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಆ ಭಂಡಾರಕ್ಕೆ ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ಒಪ್ಪಿಸಿದರು. ಅದರ ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗವೂ ಇದ್ದಿತು. ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದರು: ಕೌಟಿಲ್ಯನ ‘ಅರ್ಥಶಾಸ್ತ್ರ’! ಅಲ್ಲಿಯವರೆಗೆ ವಿದ್ವತ್ಪ್ರಪಂಚಕ್ಕೆ ಅದರ ಪರಿಚಯವಿದ್ದುದು ಇತರರ ಗ್ರಂಥಗಳಲ್ಲಿ ಬಂದ ಉಲ್ಲೇಖಗಳಿಂದ ಮಾತ್ರ. 1905ರಿಂದ ಶಾಸ್ತ್ರಿಗಳು ಅದರ ಭಾಗಗಳನ್ನು ಇಂಗ್ಲಿಷಿಗೆ ತಂದು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು; 1909ರಲ್ಲಿ ಮೂಲವು ಅಚ್ಚಾಯಿತು; 1915ರಲ್ಲಿ ಪೂರ್ಣಾನುವಾದವು ಹೊರಬಂದಿತು.

ಇದನ್ನು ಅದೃಷ್ಟವೆಂದು ಹೇಳುವುದು ವಾಡಿಕೆ. ಆದರೆ ದಂಡಿಯ ‘ದಶಕುಮಾರಚರಿತ’ವನ್ನು ಬಲ್ಲವನಿಗೆ, ವಿಷ್ಣುಗುಪ್ತನು ಆರು ಸಾವಿರ ಶ್ಲೋಕಗಳ ಪ್ರಮಾಣದಲ್ಲಿ ದಂಡನೀತಿಯನ್ನು ಸಂಕ್ಷೇಪಿಸಿದನೆಂಬ ಮಾತು ಅಲ್ಲಿ ಬರುವುದು ತಿಳಿದೇ ಇರುತ್ತದೆ. ಹಿಂದೆ ಓದಿದ ಒಂದು ಗ್ರಂಥವು ಮುಂದೆ ಓದಬೇಕಾದ ಗ್ರಂಥವನ್ನು ಹೀಗೆ ಬೆರಳು ಮಾಡಿ ತೋರಿಸುತ್ತದೆ. ಆ ಬೆರಳನ್ನು ಕಾಣದ ಮತ್ತೊಬ್ಬರ ಕೈಗೆ ಬಿದ್ದಿದ್ದರೆ, ಅದೇ ಕಟ್ಟು ಮರಳಿ ಅಟ್ಟಕ್ಕೇರುತ್ತಿದ್ದಿತೋ ಏನೋ.

ಇನ್ನು ಪಟ್ಟಿಯ ವಿಷಯ. ಓದದ ಪುಸ್ತಕಗಳ ಪಟ್ಟಿಯನ್ನು ಮಾಡುವುದು ಕಾಲಹರಣವೆಂದು ಕೆಲವರು ನಗುತ್ತಾರೆ. ಅಂಥವರು ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ತೆರೆದು ನೋಡಲಿ. ಎಸ್. ಜಿ. ನರಸಿಂಹಾಚಾರ್ಯರೊಡನೆ ಸಿದ್ಧಪಡಿಸಿದ ಮೊದಲನೆಯ ಸಂಪುಟವು 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದವು. ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿ, ಕಾಲ, ಮತ, ಕೃತಿ, ಆಶ್ರಯದಾತ ಎಂಬಿವುಗಳನ್ನು ಶಾಸನಾಧಾರಗಳೊಡನೆ ನಿರ್ಣಯಿಸಿದ ಮೇಲೆ, ಅದುವರೆಗೆ ರಾಶಿಯಾಗಿದ್ದುದು ಸಾಹಿತ್ಯಚರಿತ್ರೆಯಾಯಿತು. ಯಾವ ಗ್ರಂಥವನ್ನು ಮುಂದೆ ಸಂಪಾದಿಸಬೇಕೆಂದು ಯೋಚಿಸುವ ವಿದ್ವಾಂಸನಿಗೆ ಅದೇ ಕೈದೀಪವಾಯಿತು. ಪಟ್ಟಿಯಲ್ಲಿದ್ದರೂ ಓದಲು ದೊರೆಯದವುಗಳೂ ಉಂಟು. ರನ್ನನ ‘ಗದಾಯುದ್ಧ’ವು ನಮ್ಮ ಕೈಯಲ್ಲಿದೆ, ಅವನ ‘ಪರಶುರಾಮಚರಿತ’ವಿಲ್ಲ. ಪೊನ್ನನ ‘ಶಾಂತಿಪುರಾಣ’ವಿದೆ, ‘ಭುವನೈಕರಾಮಾಭ್ಯುದಯ’ವು ಹೆಸರಾಗಿ ಮಾತ್ರ ಉಳಿದಿದೆ.