ಕಲ್ಲಿದ್ದಲಿಗೂ ಮೊದಲು ಮೇಲೆ ಬರುವ ಕಲ್ಲು

ಕರ್ನಾಟಕದಲ್ಲಿ ಚಿನ್ನವಿದೆ, ಕಬ್ಬಿಣವಿದೆ, ಕಲ್ಲಿದ್ದಲಿನ ಗಣಿ ಮಾತ್ರ ಇಲ್ಲ. ನಮ್ಮ ಧಾರವಾಡ ಶಿಲೆಗಳು ಹುಟ್ಟಿದ ಕಾಲಕ್ಕೆ ಭೂಮಿಯ ಮೇಲೆ ಮರಗಳೇ ಇರಲಿಲ್ಲ. ಹಾಗಾಗಿ ರಾಯಚೂರಿನ ಶಕ್ತಿನಗರದ ಒಲೆಗೆ ಕಲ್ಲಿದ್ದಲು ಹೊರಗಿನಿಂದ ಬರಬೇಕು. ಅದರಲ್ಲೊಂದು ಪಾಲು ಬರುವುದು ನಾನು ಈಗ ನೆಲೆಸಿರುವ ತೆಲಂಗಾಣದ ಸಿಂಗರೇಣಿ ಗಣಿಗಳಿಂದ. ಹೈದರಾಬಾದಿಗೆ ಬಂದ ಮೇಲೆ ಆ ಗಣಿಗಳ ಇತಿಹಾಸ ಓದತೊಡಗಿದೆ. ಓದುತ್ತಾ ಹೋದಂತೆ ಕಲ್ಲಿದ್ದಲಿಗಿಂತ ಅದರ ಮೇಲೆ ಕೂತಿರುವ ಕಲ್ಲಿನ ಕಥೆಯೇ ಹೆಚ್ಚು ಕಾಡಿತು.

1871ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರು. 1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ರೈಲಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ರೈಲು ಬೇಕು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಗಣಿ ಹಕ್ಕು ಪಡೆಯಿತು, 1920ರಲ್ಲಿ ಸಿಂಗರೇಣಿ ಕಾಲರೀಸ್ ಕಂಪನಿ ಹುಟ್ಟಿತು.

ಕಲ್ಲಿದ್ದಲು ಹುಡುಕುವವರು ನೆಲ ಕೊರೆಯುವಾಗ ಮೊದಲು ಕೇಳುವ ಪ್ರಶ್ನೆ: ಕೆಳಗೆ ಎಷ್ಟಿದೆ, ಎಷ್ಟು ಆಳದಲ್ಲಿದೆ? ಹಣ ಹೂಡುವವರಿಗೆ ಬೇಕಾದ ಉತ್ತರ ಇಷ್ಟೇ. ಎರಡನೆಯ ಪ್ರಶ್ನೆ ಗಣಿಯೊಳಗೆ ಇಳಿಯುವವನದು: ಕಲ್ಲಿದ್ದಲು ತೆಗೆದ ಮೇಲೆ ತಲೆಯ ಮೇಲಿನ ಕಲ್ಲು ನಿಲ್ಲುತ್ತದೆಯೇ? ನೀರು ಎಲ್ಲಿದೆ? ಮೊದಲನೆಯದಕ್ಕೆ ಕಲ್ಲಿದ್ದಲಿನ ಪದರ ನೋಡಿದರೆ ಸಾಕು. ಎರಡನೆಯದಕ್ಕೆ ದಾರಿಯುದ್ದಕ್ಕೂ ಸಿಗುವ ಮರಳುಗಲ್ಲು, ಶೇಲ್, ಜೇಡಿ ಎಲ್ಲವನ್ನೂ ಜೋಪಾನವಾಗಿ ಮೇಲೆತ್ತಬೇಕು.

ಅದಕ್ಕೆ ಬಳಸುವುದು ವಜ್ರದ ಹರಳು ಕೂರಿಸಿದ, ನಡುವೆ ಟೊಳ್ಳಾದ ಬಿಟ್. ಅದು ತಿರುಗುತ್ತಾ ಇಳಿದಂತೆ ಕೊಳವೆಯೊಳಗೆ ಕಲ್ಲಿನ ಕಂಬವೊಂದು ಉಳಿಯುತ್ತದೆ. ಇದೇ ಕೋರ್. ಮೇಲೆ ತಂದು ಪೆಟ್ಟಿಗೆಯಲ್ಲಿ ಆಳದ ಕ್ರಮದಲ್ಲಿ ಜೋಡಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಡಾನ್ ಡೀರ್ ಒಂದು ಸರಳ ಲೆಕ್ಕ ಕೊಟ್ಟರು. 10 ಸೆಂಟಿಮೀಟರಿಗಿಂತ ಉದ್ದವಿರುವ ಗಟ್ಟಿ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಉದ್ದದಿಂದ ಭಾಗಿಸಿ. ಒಂದು ಮೀಟರ್ ಕೊರೆದಾಗ ಅಂಥ ತುಂಡುಗಳು 40 ಸೆಂಟಿಮೀಟರ್ ಮಾತ್ರ ಇದ್ದರೆ, ಆ ಶಿಲೆಗೆ ಶೇ. 40 ಅಂಕ, ಅಂದರೆ ದುರ್ಬಲ. ಇಷ್ಟು ಕಡಿಮೆ ಗಣಿತದಲ್ಲಿ ಇಷ್ಟು ಹೇಳುವ ಅಳತೆಯನ್ನು ನನ್ನ ಇಪ್ಪತ್ತು ವರ್ಷದ ಸಾಫ್ಟ್‌ವೇರ್ ವೃತ್ತಿಯಲ್ಲಿ ನಾನು ಕಂಡಿಲ್ಲ.

ನಮ್ಮ ಕಲ್ಲಿದ್ದಲು ಗಣಿಗಳ ಚಾವಣಿಗೆಂದೇ ಧನಬಾದಿನ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆ ಮತ್ತು ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ ಸೇರಿ 1980ರ ದಶಕದಲ್ಲಿ 100 ಅಂಕಗಳ ಪರೀಕ್ಷೆಯೊಂದನ್ನು ರೂಪಿಸಿದವು. ಪದರದ ದಪ್ಪಕ್ಕೆ 30, ಬಿರುಕು ಮುಂತಾದ ರಚನೆಗೆ 25, ನೀರು ತಾಗಿದರೆ ಕರಗದಿರುವ ಗುಣಕ್ಕೆ 20, ಕಲ್ಲಿನ ಬಲಕ್ಕೆ 15, ಅಂತರ್ಜಲಕ್ಕೆ 10. ಕಲ್ಲು ಎಷ್ಟು ಗಟ್ಟಿ ಎಂಬುದಕ್ಕೆ ಕೇವಲ 15 ಅಂಕ! ಗಟ್ಟಿ ಕಲ್ಲೇ ಆದರೂ ತೆಳುವಾದ ಹಾಳೆಗಳಾಗಿ ಕೂತಿದ್ದರೆ ಕಳಚಿ ಬೀಳುತ್ತದೆ ಎಂಬುದು ಅನುಭವದ ಮಾತು.

ಎರಡನೆಯ ಪ್ರಶ್ನೆಗೆ ಬೆನ್ನು ತಿರುಗಿಸಿದರೆ ಏನಾಗುತ್ತದೆ? 1975ರ ಡಿಸೆಂಬರ್ 27ರಂದು ಧನಬಾದಿನ ಹತ್ತಿರದ ಚಾಸನಾಲಾದಲ್ಲಿ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ಕೆಳಗೆ ಕೆಲಸ ನಡೆಯುತ್ತಿದ್ದ ಗಣಿಗೆ ನುಗ್ಗಿತು. ಸತ್ತವರು 375 ಜನ. ‘ಕಾಲಾ ಪತ್ಥರ್’ ಸಿನಿಮಾ ಹುಟ್ಟಿದ್ದು ಈ ದುರಂತದಿಂದಲೇ. ನೀರು ತುಂಬಿದ ಹಳೆಯ ಗಣಿಗೆ 60 ಮೀಟರಿಗಿಂತ ಹತ್ತಿರ ಅನುಮತಿಯಿಲ್ಲದೆ ಹೋಗಬಾರದು, ಹೋದರೂ ಮುಂದೆ ರಂಧ್ರ ಕೊರೆದು ನೋಡುತ್ತಲೇ ಸಾಗಬೇಕು ಎನ್ನುವ ನಿಯಮ 1957ರಿಂದಲೇ ಇತ್ತು.

ಕೊರೆತ ಜೀವ ಉಳಿಸಿದ ಉದಾಹರಣೆಯೂ ಇದೆ. 1989ರ ನವೆಂಬರಿನಲ್ಲಿ ರಾಣಿಗಂಜಿನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ, ಹೊಸದಾಗಿ ರಂಧ್ರ ಕೊರೆದು, ಒಬ್ಬ ಮನುಷ್ಯ ಹಿಡಿಸುವಷ್ಟು ಉಕ್ಕಿನ ಕ್ಯಾಪ್ಸೂಲ್ ಇಳಿಸಿದರು. ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಕೆಳಗಿಳಿದು 65 ಜನರನ್ನು ಮೇಲೆ ಕಳಿಸಿದರು.

ಕೊರೆದ ರಂಧ್ರಕ್ಕೂ ಒಂದು ಋಣವಿದೆ. ಕೆಲಸ ಮುಗಿದ ಮೇಲೆ ಸಿಮೆಂಟ್ ತುಂಬಿ ಮುಚ್ಚದಿದ್ದರೆ ಮೇಲಿನ ನೀರು ಗಣಿಗಿಳಿಯಲು ಅದೇ ಕೊಳಾಯಿ. ನಕ್ಷೆಯಲ್ಲಿ ಗುರುತಿಸದಿದ್ದರೆ ಮುಂದಿನ ತಲೆಮಾರಿಗೆ ಅದು ಗೊತ್ತೇ ಇರುವುದಿಲ್ಲ.

ಹೊಸ ಗಣಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಎಷ್ಟು ಕೋಟಿ ಟನ್ ಸಿಗುತ್ತದೆ ಎಂದು ಬರೆಯುತ್ತವೆ. ಚಾವಣಿಗೆ ನೂರಕ್ಕೆ ಎಷ್ಟು ಅಂಕ ಬಂತು ಎಂದು ಬರೆದದ್ದನ್ನು ನಾನು ಇನ್ನೂ ಓದಿಲ್ಲ. ಶಕ್ತಿನಗರದ ಕರೆಂಟಿನಲ್ಲಿ ದೀಪ ಹಚ್ಚುವ ನಾವು ಕೂಡ ಕೇಳಬಹುದಾದ ಪ್ರಶ್ನೆ ಇದು.